ಇಂದಿನ ಧಮ್ಮ ಚಿಂತನೆ: ನಸೀಬವೋ, ಕಾರಣವೋ?



ಮೊನ್ನೆ ಸುರಪುರ ಕಡೆಯ ಹಳ್ಳಿಯಿಂದ ಒಬ್ಬ ವಿದ್ಯಾರ್ಥಿನಿ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಶಹಾಪುರದ ನಮ್ಮ ಮನೆಗೆ ಬಂದಿದ್ದಳು. ಅಂದೇ ಕೊನೆಯ ದಿನ. ಜಾತಿ ಪ್ರಮಾಣಪತ್ರ ಅಪ್‌ಲೋಡ್ ಮಾಡಿದಾಗಲೆಲ್ಲ ನನ್ನ ಕಂಪ್ಯೂಟರಿನ ಬ್ರೌಸರ್ ಕ್ರ್ಯಾಶ್ ಆಗುತ್ತಿತ್ತು. ಮೂರನೇ ಸಲ ನಾನು, "ನೀನೇ ಏನರ ತಪ್ಪು ಒತ್ತಿರಬೇಕು ನೋಡವ್ವ" ಅಂದೆ. ಅವಳು ತಲೆ ತಗ್ಗಿಸಿ, "ನನ್ನ ನಸೀಬನೇ ಹಿಂಗ ಅದ ಕಾಕಾ" ಅಂದಳು.

ಆ ಮಾತು ಚುಚ್ಚಿತು. ನೋಡದೆಯೇ ನಾನು ತೀರ್ಪು ಕೊಟ್ಟಿದ್ದೆ. ಅವಳು ಅದನ್ನು ಒಪ್ಪಿಕೊಂಡುಬಿಟ್ಟಿದ್ದಳು.

ಆಮೇಲೆ ಕಾರಣ ಹುಡುಕಿದೆವು. ಇನ್‌ಕಾಗ್ನಿಟೊ ಕಿಟಕಿಯಲ್ಲಿ, ನಾವು ಅನುಮತಿ ಕೊಡದಿದ್ದರೆ, ಬ್ರೌಸರಿಗೆ ಸೇರಿಸಿದ ಪ್ಲಗ್-ಇನ್‌ಗಳು ಓಡುವುದಿಲ್ಲ. ಅಲ್ಲಿ ತೆರೆದರೆ ಕ್ರ್ಯಾಶ್ ಇಲ್ಲ. ಅಂದರೆ ಅವಳ ಬೆರಳಿನ ತಪ್ಪಲ್ಲ. ಮತ್ತೆ ಮೊದಲಿನ ಕಿಟಕಿಗೆ ಬಂದು, ಪ್ಲಗ್-ಇನ್‌ಗಳನ್ನೆಲ್ಲ ಆಫ್ ಮಾಡಿ ಒಂದೊಂದಾಗಿ ಆನ್ ಮಾಡಿದೆವು. ನಾಲ್ಕನೆಯದು ಆನ್ ಆದ ಕೂಡಲೇ ಮತ್ತೆ ಕ್ರ್ಯಾಶ್. ಅದೊಂದನ್ನೇ ಆಫ್ ಮಾಡಿ ಉಳಿದವನ್ನು ಆನ್ ಇಟ್ಟರೆ ಎಲ್ಲ ಸರಿ. ಅದನ್ನು ಹಾಕಿದ್ದು ಯಾರು? ಪುಕ್ಕಟೆ ಸಿಕ್ಕಿತೆಂದು ನಾನೇ!

ಕಾರಣ ಇದ್ದಲ್ಲಿ ಫಲ, ಕಾರಣ ತೆಗೆದರೆ ಫಲವೂ ಇಲ್ಲ. ಇದೇ ಪ್ರತೀತ್ಯಸಮುತ್ಪಾದ. ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವರ ಧಮ್ಮ' ಗ್ರಂಥದಲ್ಲಿ ಹಿಂದಿನ ಜನ್ಮದ ಕರ್ಮದ ವಾದವನ್ನು ಒಪ್ಪಲಿಲ್ಲ. ಬಡವರ ಸ್ಥಿತಿಗೆ ತಾವು ಹೊಣೆಯಲ್ಲ ಎಂದು ಸಮಾಜ, ಸರ್ಕಾರ ಜಾರಿಕೊಳ್ಳಲು ಅದು ದಾರಿಯಾಗುತ್ತದೆ ಎಂದು ತೋರಿಸಿದರು. ತಲೆತಲಾಂತರದಿಂದ ನಮ್ಮ ಹಿರಿಯರಿಗೆ ಹೇಳಿದ್ದೂ ಅದನ್ನೇ: ತಪ್ಪು ನಿನ್ನದೇ, ನಿನ್ನ ಹಣೆಬರಹ. ಅಂದು ನನ್ನ ಬಾಯಿಂದಲೂ ಅದೇ ಮಾತು ಬಂತು.

ಹಾಗಾದರೆ ಎಲ್ಲದಕ್ಕೂ ಕಾರಣ ಇದೆ ಎಂದ ಮೇಲೆ ಯಾರೂ ಹೊಣೆಯಲ್ಲವೇ? ಹಾಗಲ್ಲ. ಕಾರಣ ಹುಡುಕಿದರೆ ಹೊಣೆ ಮಾಯವಾಗುವುದಿಲ್ಲ, ಸರಿಯಾದ ಕಡೆಗೆ ಹೋಗುತ್ತದೆ. ಕ್ರ್ಯಾಶ್ ಮಾಡಿದ್ದು ಪ್ಲಗ್-ಇನ್. ಆದರೆ ಅದನ್ನು ಹಾಕಿದ್ದು, ಆ ಮಗುವಿನ ಮೇಲೆ ತಪ್ಪು ಹೊರಿಸಿದ್ದು ನಾನು. "ತಪ್ಪು ನಂದವ್ವ" ಅಂದೆ. ಸಂಜೆಯೊಳಗೆ ಅರ್ಜಿ ಹೋಯಿತು. ಅವಳು ನಗುತ್ತ ಬಸ್ಸು ಹತ್ತಿದಳು.

ಇಂದಿನ ಅಭ್ಯಾಸ: ನಮಗಿಂತ ಚಿಕ್ಕವರ ಮೇಲೆ ತಪ್ಪು ಹೊರಿಸುವ ಮೊದಲು ಕೇಳಿಕೊಳ್ಳೋಣ, ನಾನು ಒಂದೊಂದಾಗಿ ನೋಡಿದೆನೇ?

ಭವತು ಸಬ್ಬ ಮಂಗಲಂ 🌼