ಉಪವಾಸ, ವಿರೇಚನ ಮತ್ತು ಶೌಚಧರ್ಮ

ಉಪವಾಸದ ಮುನ್ನಾದಿನ ಭೇದಿಗೆ ತೆಗೆದುಕೊಂಡು ಹೊಟ್ಟೆಯನ್ನು ಶುದ್ಧಿ ಮಾಡಿಕೊಳ್ಳುವ ರೂಢಿ ನಮ್ಮ ಕೆಲವು ಮನೆಗಳಲ್ಲಿ ಉಂಟು. ಆರೋಗ್ಯವಂತರ ಮಾತು ಬೇರೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿರುವವರು ಹೀಗೆ ಮಾಡಿದರೆ ಅದು ವ್ರತದ ಅಂಗವೋ, ಆತ್ಮಹಿಂಸೆಯೋ ಎಂಬ ಪ್ರಶ್ನೆಯನ್ನು ಶ್ರಾವಕ ಬಂಧುಗಳ ಮುಂದಿಡಬಯಸುತ್ತೇನೆ. ಈ ಪ್ರಶ್ನೆಯಲ್ಲಿ ನಾನೂ ಪಾಲುಗಾರನು.

ನನ್ನ ಭಾವನವರು ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು. ಮಲಬದ್ಧತೆಯ ಪೀಡೆ ಬಹಳ. ಅನಂತ ಚತುರ್ದಶಿಯ ಹಿಂದಿನ ದಿನ, "ಹೊಟ್ಟೆ ಶುದ್ಧವಿಲ್ಲದೆ ಉಪವಾಸವೆಂತಹುದು ಮಾಸ್ತರೆ? ಸ್ವಲ್ಪ ಸೋನಾಮುಖಿ ತಂದುಕೊಡಿ" ಎಂದರು. ತಂದುಕೊಟ್ಟವನು ನಾನೇ. ಸೂರ್ಯಾಸ್ತಕ್ಕೆ ಮುನ್ನ ಎರಡು ಚಮಚ ಪುಡಿಯನ್ನು ಕದಡಿ ಕುಡಿದರು. ನಡುರಾತ್ರಿಯಿಂದ ಭೇದಿ ನಿಲ್ಲಲಿಲ್ಲ. ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕದ ವೇಳೆ ತಲೆ ಸುತ್ತಿ ಬಿದ್ದರು. ಆಸ್ಪತ್ರೆಯಲ್ಲಿ ವೈದ್ಯರು, "ಬೇರೆ ಔಷಧಿ ಏನಾದರೂ ತೆಗೆದುಕೊಂಡಿರಾ?" ಎಂದು ಕೇಳಿದಾಗ ಭಾವನವರು "ಇಲ್ಲ" ಎಂದರು. ಪಕ್ಕದಲ್ಲಿದ್ದ ನಾನು ಸುಮ್ಮನಿದ್ದೆ. ಎಲೆಯ ಪುಡಿ ಔಷಧಿಯೆಂದು ನಮಗೆ ತೋರಿರಲೇ ಇಲ್ಲ. ಹೊರಗೆ ಬಂದ ಮೇಲೆ ನನಗೆ ಮನಸ್ಸು ತಡೆಯಲಿಲ್ಲ. ಹಿಂದಿರುಗಿ ಹೋಗಿ ಹೇಳಿದೆ.

ಆ ವೈದ್ಯರು ತಿಳಿಸಿದ್ದು ನನಗೆ ಹೊಸದಾಗಿತ್ತು. ನೀರಿನ ಮಿತಿ, ಹಣ್ಣು ತರಕಾರಿಗಳ ಮಿತಿ, ರಂಜಕವನ್ನು ತಡೆಯುವ ಮಾತ್ರೆ, ಕಬ್ಬಿಣದ ಮಾತ್ರೆ, ಇವೆಲ್ಲ ಸೇರಿ ಈ ರೋಗಿಗಳಿಗೆ ಮಲ ಕಟ್ಟುತ್ತದೆ. ಅದನ್ನು ಉಪೇಕ್ಷಿಸುವಂತಿಲ್ಲ. ಏಕೆಂದರೆ ಮೂತ್ರಪಿಂಡಗಳು ಸೋತಾಗ ಪೊಟ್ಯಾಸಿಯಂ ಹೊರಹಾಕುವ ಭಾರದಲ್ಲಿ ಹೆಚ್ಚಿನ ಪಾಲನ್ನು ದೊಡ್ಡ ಕರುಳು ಹೊರುತ್ತದೆ. ಆ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. ಸೋನಾಮುಖಿ ತಾನಾಗಿ ನಿಷಿದ್ಧವಲ್ಲ. ಅದರ ಸೆನ್ನೊಸೈಡ್ ಅಂಶವು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಂದ ಒಡೆದು 6ರಿಂದ 12 ಗಂಟೆಗಳಲ್ಲಿ ಕರುಳನ್ನು ಚಲಿಸುತ್ತದೆ. ವೈದ್ಯರೇ ಅಳೆದು ಕೊಡುವುದುಂಟು. ಅಳತೆಯಿಲ್ಲದೆ, ಅದರ ಮೇಲೆ ನಿರಾಹಾರವೂ ಸೇರಿದರೆ ರಕ್ತದೊತ್ತಡ ಕುಸಿಯುತ್ತದೆ. ಇಸಬ್‌ಗೋಲಿಗೆ ತಕ್ಕಷ್ಟು ನೀರು ಬೇಕು. ಇವರಿಗೆ ನೀರೇ ಮಿತ. ಭೇದಿಉಪ್ಪಿನ ಮೆಗ್ನೀಷಿಯಂ ಇವರ ದೇಹದಲ್ಲಿಯೇ ಉಳಿದು ವಿಷವಾಗುತ್ತದೆ. ಪಾರಣೆಗೆಂದು ನಾವು ಪ್ರೀತಿಯಿಂದ ಕೊಡುವ ಎಳನೀರಂತೂ ಪೊಟ್ಯಾಸಿಯಂ ತುಂಬಿದ ಪಾನೀಯ!

ಗಿಡಮೂಲಿಕೆ ನಿರಪಾಯವೆಂಬ ನಂಬಿಕೆಯೂ ಪರೀಕ್ಷೆಗೆ ತಕ್ಕದ್ದು. ಬೆಲ್ಜಿಯಂ ದೇಶದಲ್ಲಿ ಮೈ ಇಳಿಸಲು ಚೀನೀ ಮೂಲಿಕೆ ಸೇವಿಸಿದ ಸ್ತ್ರೀಯರ ಮೂತ್ರಪಿಂಡಗಳು ಹಾಳಾದ ಸಂಗತಿ 1993ರಲ್ಲಿ ಪ್ರಕಟವಾಯಿತು. ಅದಕ್ಕೆ ಕಾರಣವಾದ ಸಸ್ಯಕುಲಕ್ಕೇ ನಮ್ಮ ಈಶ್ವರಿ ಬಳ್ಳಿಯೂ ಸೇರಿದೆ.

ಇನ್ನು ಧರ್ಮದ ಮಾತು. ದಶಲಕ್ಷಣಗಳಲ್ಲಿ ಉತ್ತಮ ಶೌಚವೆಂದರೆ ಲೋಭದ ಅಭಾವ, ಕರುಳಿನ ತೊಳೆತವಲ್ಲ. ಅಶುಚಿ ಅನುಪ್ರೇಕ್ಷೆಯನ್ನು ನಿತ್ಯ ಭಾವಿಸುವ ನಾವು ಒಂದು ಚಮಚ ಪುಡಿಯಿಂದ ದೇಹ ಶುಚಿಯಾಯಿತೆಂದು ನಂಬುವುದು ವಿಚಿತ್ರವೇ ಸರಿ. ತತ್ತ್ವಾರ್ಥಸೂತ್ರವು ಹೇಳುವ ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಶಕ್ತಿಯ ಮಿತಿಯನ್ನು ಇಟ್ಟಿದೆ. ಹೇಗೂ ಸೋತ ದೇಹ, ಇದೂ ಸಲ್ಲೇಖನವೇ ಅಲ್ಲವೇ ಎನ್ನುವವರುಂಟು. ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಹೇಳಿದ ರೋಗವು ಪ್ರತೀಕಾರವಿಲ್ಲದ್ದು. ಅದರ ಕ್ರಮವೂ ಮೆಲ್ಲಮೆಲ್ಲನೆ, ಎಚ್ಚರದಿಂದ, ಎಲ್ಲರ ಕ್ಷಮೆ ಬೇಡಿ ನಡೆಯುವಂಥದು. ಮುಚ್ಚಿಟ್ಟು ಕುಡಿದ ಭೇದಿಗೆ ಆ ಹೆಸರು ಸಲ್ಲದು.

ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಕುಡಿದವರು ಭಾವನವರು, ತಂದುಕೊಟ್ಟವನು, ಒಪ್ಪಿದವನು, ವೈದ್ಯರೆದುರು ಮೊದಲು ಮೌನವಿದ್ದವನು ನಾನು. ಪ್ರಾಯಶ್ಚಿತ್ತದ ಲೆಕ್ಕದಲ್ಲಿ ನನ್ನ ಪಾಲೇ ದೊಡ್ಡದೆಂದು ತೋರುತ್ತದೆ.

ಅನಶನವೊಂದೇ ತಪಸ್ಸಲ್ಲ. ರಸಪರಿತ್ಯಾಗದ ಷಡ್ರಸಗಳಲ್ಲಿ ಲವಣವೂ ಒಂದು. ವೈದ್ಯರು ಕಡಿಮೆ ಮಾಡಿರೆಂದು ಬೇಡಿಕೊಳ್ಳುತ್ತಿದ್ದುದೂ ಅದನ್ನೇ. ಅವರನ್ನು ಕೇಳಿಕೊಂಡು ಈ ವರ್ಷ ಭಾವನವರು ದಶಲಕ್ಷಣದ ಹತ್ತೂ ದಿನ ಮೇಲುಪ್ಪು ಬಿಟ್ಟರು. (ಬದಲಿ ಉಪ್ಪೆಂದು ಮಾರುವ ಪೊಟ್ಯಾಸಿಯಂ ಲವಣವನ್ನು ಅಕ್ಕ ಮನೆಗೆ ತರಲಿಲ್ಲ.) ಚತುರ್ದಶಿಯಂದು ಮಿತಾಹಾರ ಮಾಡಿ ಬಸದಿಯಲ್ಲಿ ಕುಳಿತು ತತ್ತ್ವಾರ್ಥಸೂತ್ರವನ್ನು ಓದಿದರು. ಅವರ ಔಷಧಿಯ ಚೀಟಿಯಲ್ಲಿ ಈಗ ಸೋನಾಮುಖಿಯ ಮಾತ್ರೆಯೂ ಇದೆ. ಅಳತೆ ಬರೆದವರು ವೈದ್ಯರು.