ಹೆಸರು ಹಿಡಿದು ಕರೆಯುವ ಋಣ

ಸಾವಿರ ಜನರಿಗೆ ಒಂದೇ ಮಾತು ಹೇಳುವುದರಲ್ಲಿ ದೋಷವೇನೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನೂ ಅದನ್ನೇ ಮಾಡುತ್ತಿದ್ದ. ಆದರೆ ಅವನು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಇಂದು ಗಣಕಯಂತ್ರವು ಡಂಗುರವನ್ನೇ ಖಾಸಗಿ ಪತ್ರದ ಲಕೋಟೆಯಲ್ಲಿಟ್ಟು ಮನೆಮನೆಗೆ ಕಳಿಸುತ್ತಿದೆ. ಇದು ಸೌಜನ್ಯವೋ, ಸೋಗೋ?

ಕ್ರಮವೇನೋ ಸರಳ. ಪತ್ರದ ಒಕ್ಕಣೆ ಒಂದೇ. ಹೆಸರು, ಊರು, ಚಂದಾ ಬಾಕಿ ಬರಬೇಕಾದೆಡೆ ಒಂದೊಂದು ಸಂಕೇತಪದ. ಜೊತೆಗೆ ಸದಸ್ಯರ ಪಟ್ಟಿ. ತಂತ್ರಾಂಶವು ಪಟ್ಟಿಯ ಒಂದೊಂದು ಸಾಲನ್ನೂ ಓದಿ, ಸಂಕೇತದ ಜಾಗದಲ್ಲಿ ಹೆಸರು ತುಂಬಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ರವಾನಿಸುತ್ತದೆ. ಷರತ್ತಿನ ಆಜ್ಞೆಯೊಂದನ್ನು ಸೇರಿಸಿದರೆ, ಬಾಕಿದಾರರ ಪತ್ರದಲ್ಲಿ ಮಾತ್ರ ಜ್ಞಾಪನೆಯ ಸಾಲು ಮೂಡುತ್ತದೆ.

1978ರ ಮೇ 3ರಂದು ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಕಂಪ್ಯೂಟರ್ ಕಂಪನಿಯೊಂದರ ಜಾಹೀರಾತು ಸುಮಾರು 400 ಜನರಿಗೆ ಒಮ್ಮೆಲೇ ಹೋಯಿತು. ವಿಳಾಸಗಳು ತಲೆಪಟ್ಟಿಯಲ್ಲಿ ಹಿಡಿಸದೆ ಪತ್ರದ ಒಡಲೊಳಗೂ ಚೆಲ್ಲಿದ್ದವು. ಪಡೆದವರು ಸಿಟ್ಟಾದರು, ನಿಜ. ಆದರೂ ಆ ಪತ್ರದಲ್ಲಿ ಒಂದು ಪ್ರಾಮಾಣಿಕತೆಯಿತ್ತು: ತಾನು ಗುಂಪಿನಲ್ಲೊಬ್ಬನೆಂಬುದು ಓದಿದವನಿಗೆ ಕಾಣುತ್ತಿತ್ತು. ಈಗಿನ ಪತ್ರ ಆ ಗುಂಪನ್ನು ಮರೆಮಾಡುತ್ತದೆ.

ಹಾಗಾದರೆ ಅಚ್ಚಿನ ಮಾತೆಲ್ಲ ಸುಳ್ಳೇ ಎಂದು ವಾಚಕರು ಕೇಳಬಹುದು. ನಮ್ಮ ಹಿರಿಯರ ಕಾಗದಗಳಲ್ಲಿಯೂ ‘ತೀರ್ಥರೂಪ ಸಮಾನರಾದ’, ‘ಉಭಯ ಕುಶಲೋಪರಿ’ ಎಂಬ ಸಿದ್ಧ ಒಕ್ಕಣೆಯೇ ಇರುತ್ತಿತ್ತಲ್ಲ? ಲಗ್ನಪತ್ರಿಕೆ ಎಲ್ಲರಿಗೂ ಒಂದೇ ಅಲ್ಲವೆ? ನಿಜ. ಆದರೆ ಲಗ್ನಪತ್ರಿಕೆಯ ಮೇಲೆ ಹೆಸರು ಬರೆಯುವಾಗ ಆ ಮನೆಯವರು ಒಂದು ಕ್ಷಣವಾದರೂ ಮನಸ್ಸಿಗೆ ಬರುತ್ತಿದ್ದರು. ಯಾರಾದರೂ ತೀರಿಕೊಂಡಿದ್ದರೆ ಕೈ ತಾನಾಗಿ ತಡೆಯುತ್ತಿತ್ತು. ಯಂತ್ರಕ್ಕೆ ಆ ತಡೆಯಿಲ್ಲ. ಪಟ್ಟಿಯನ್ನು ತಿದ್ದದಿದ್ದರೆ, ಅಗಲಿದ ಸದಸ್ಯರ ಹೆಸರಿಗೂ ಹುಟ್ಟುಹಬ್ಬದ ಶುಭಾಶಯ ತಪ್ಪದೆ ಹೋಗುತ್ತದೆ. ಅದನ್ನು ತೆರೆದು ಓದುವವರು ಅವರ ಪತ್ನಿಯೋ ಮಕ್ಕಳೋ. ‘ನಿಮ್ಮನ್ನು ನೆನೆಯುತ್ತಿದ್ದೇವೆ’ ಎಂಬ ಸಾಲು ಅಲ್ಲಿ ಎಷ್ಟು ಕ್ರೂರವಾಗಬಲ್ಲದು!

ಆದ್ದರಿಂದ ಹೆಸರು ತುಂಬಿದ್ದು ಯಂತ್ರವೆಂಬುದು ನಮ್ಮ ಆಕ್ಷೇಪವಲ್ಲ. ಹೆಸರು ಹಿಡಿದು ಕರೆದವನಿಗೆ ಓಗೊಟ್ಟಾಗ ಕೇಳಿಸಿಕೊಳ್ಳುವ ಋಣವಿದೆ. ‘ಪ್ರಿಯ’ ಎಂದು ಆರಂಭಿಸಿ, ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂದು ಮುಗಿಸುವ ಪತ್ರ, ಬಾಗಿಲು ತಟ್ಟಿ ಓಡಿಹೋಗುವ ಹುಡುಗನ ಚೇಷ್ಟೆಯಂತೆ. 2024ರ ಫೆಬ್ರವರಿಯಿಂದ, ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರು ತಮ್ಮ ಪ್ರಚಾರಪತ್ರಗಳಲ್ಲಿ, ಒಂದೇ ಒತ್ತಿನಿಂದ ಪಟ್ಟಿ ಬಿಡುವ ಸೌಕರ್ಯ ಕೊಡಬೇಕೆಂದು ಗೂಗಲ್ ವಿಧಿಸಿದೆ. ನಿಯಮ ಕೇಳುವುದು ಹೊರಹೋಗುವ ಬಾಗಿಲನ್ನು. ಮನಸ್ಸಾಕ್ಷಿ ಒಳಬರುವ ಬಾಗಿಲನ್ನೂ ಕೇಳುತ್ತದೆ.

ಮಾಟುಂಗಾದಿಂದ ಡೊಂಬಿವಲಿಯವರೆಗೆ ಚದುರಿದ ಕನ್ನಡಿಗರನ್ನು ಕೂಡಿಸುವ ಸಂಘಗಳಿಗೆ ಈ ಯಂತ್ರದ ನೆರವು ಬೇಕೇ ಬೇಕು. ರಾಜ್ಯೋತ್ಸವದ ಕರೆಯನ್ನು ಅದು ಧಾರಾಳವಾಗಿ ಹೊತ್ತೊಯ್ಯಲಿ. ಆದರೆ ಎಲ್ಲರಿಗೂ ಬರೆದದ್ದನ್ನು ‘ಸದಸ್ಯ ಬಂಧುಗಳೇ’ ಎಂದೇ ಬರೆಯೋಣ. ಹೆಸರನ್ನು ಬಳಸುವೆಡೆ ಪಟ್ಟಿಯನ್ನು ಮನುಷ್ಯನೊಬ್ಬ ಓದಿರಲಿ. ಬಂದ ಉತ್ತರವನ್ನು ಓದಲೂ ಒಬ್ಬನಿರಲಿ. ಸಂತಾಪದ ಪತ್ರವನ್ನಂತೂ ಕೈಯಾರೆ ಬರೆಯೋಣ.