ಹಾರಿದ ಹಿಟ್ಟು

ಗಾಳಿಗೆ ಹಾರಿದ ಹಿಟ್ಟನ್ನು ಕೃಷ್ಣಾರ್ಪಣ ಎಂದವನನ್ನು ನೆನೆದು ನಾವೆಲ್ಲ ನಗುತ್ತೇವೆ. ನಾನೂ ನಗುತ್ತಿದ್ದೆ, ನನ್ನ ಹಿಟ್ಟು ಹಾರುವವರೆಗೆ.

ಕಾಲೇಜಿನಲ್ಲಿ ಯುನಿಕ್ಸ್ ಪಾಠ ಹೇಳುತ್ತಿದ್ದ ಕಾಲದಲ್ಲಿ ನನ್ನದೇ ಒಂದು ನೋಟ್ಸ್ ಇತ್ತು. ಯಾರಿಗೂ ಜೆರಾಕ್ಸ್ ಮಾಡಲು ಕೊಡುತ್ತಿರಲಿಲ್ಲ. ತರಗತಿಯಲ್ಲಿ ಬರೆದುಕೊಂಡಷ್ಟೇ ಹುಡುಗರ ಪಾಲು. ಆಮೇಲೆ ಬಂದ ಕಿರಿಯ ಅಧ್ಯಾಪಕರೊಬ್ಬರು ತಮ್ಮ ನೋಟ್ಸನ್ನು ಎದುರಿನ ಜೆರಾಕ್ಸ್ ಅಂಗಡಿಯಲ್ಲಿಯೇ ಇಟ್ಟುಬಿಟ್ಟರು. ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ನನ್ನ ತರಗತಿಯಲ್ಲಿ ಬರೆದುಕೊಳ್ಳುವವರೇ ಇಲ್ಲವಾದರು. ಆಗ ನನಗೆ ವಿದ್ಯಾದಾನದ ಮಹತ್ವ ಹೊಳೆಯಿತು. ನನ್ನದೂ ಅಂಗಡಿಗೆ ಹೋಯಿತು. ಪ್ರತಿ ಪುಟದ ಮೇಲಂಚಿನಲ್ಲಿ ನನ್ನ ಹೆಸರು, ಪದವಿಗಳ ಸಮೇತ.

ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಕಂಪನಿಯ ಕಥೆ ಓದುವಾಗಲೆಲ್ಲ ಈ ಅಂಗಡಿ ನನ್ನ ಕಣ್ಣೆದುರು ನಿಲ್ಲುತ್ತದೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕಂಪನಿ. ಸ್ಥಾಪಕರಲ್ಲಿ ನಮ್ಮ ವಿನೋದ್ ಖೋಸ್ಲಾ ಕೂಡ ಒಬ್ಬರು. ತನ್ನದೇ ಯಂತ್ರ, 1987ರಿಂದ ತನ್ನದೇ ಸ್ಪಾರ್ಕ್ ಚಿಪ್, ಅದರ ಮೇಲೆ ತನ್ನದೇ ಯುನಿಕ್ಸ್. ಸೋಲಾರಿಸ್ ಎಂದು ಅದರ ಹೆಸರು. ಜಿಪುಣ ಕಂಪನಿ ಎಂದರೆ ಅನ್ಯಾಯವಾದೀತು. ದೂರದ ಯಂತ್ರದಲ್ಲಿರುವ ಕಡತವನ್ನು ತನ್ನಲ್ಲೇ ಇದ್ದಂತೆ ಬಳಸುವ ತನ್ನ ವಿಧಾನವನ್ನು ಎಂಬತ್ತರ ದಶಕದಲ್ಲೇ ಪ್ರತಿಸ್ಪರ್ಧಿಗಳ ಉಪಯೋಗಕ್ಕೂ ಬಿಟ್ಟಿತ್ತು. ಆದರೆ ಮನೆಯ ತಿಜೋರಿ ಸೋಲಾರಿಸ್.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಸಾಧಾರಣ ಪೀಸಿಗಾಗಿ ಲಿನಕ್ಸ್ ಬರೆಯತೊಡಗಿದ. ಮರುವರ್ಷ ಅದಕ್ಕೆ ಜಿಪಿಎಲ್ ಎಂಬ ಲೈಸೆನ್ಸ್ ಹಾಕಿದ. ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು. ಇನ್ನೊಬ್ಬರಿಗೆ ದಾಟಿಸುವಾಗ ಮಾತ್ರ ಅದೇ ಸ್ವಾತಂತ್ರ್ಯವನ್ನೂ ಮೂಲ ಕೋಡನ್ನೂ ಜೊತೆಗೇ ದಾಟಿಸಬೇಕು. ಹತ್ತು ವರ್ಷ ಕಳೆದು ಡಾಟ್‌ಕಾಂ ಗುಳ್ಳೆ ಒಡೆದಾಗ, ಸನ್‌ನ ದುಬಾರಿ ಸರ್ವರ್ ಕೊಳ್ಳುತ್ತಿದ್ದವರು ಇಂಟೆಲ್ ಪೆಟ್ಟಿಗೆ ತಂದು ಅದರಲ್ಲಿ ಲಿನಕ್ಸ್ ಹಾಕಿಕೊಳ್ಳತೊಡಗಿದರು.

ಆಮೇಲಿನ ಸನ್‌ನ ನಡೆ ನೋಡಿದರೆ ನಗುವೂ ಬರುತ್ತದೆ, ಪಾಪ ಎಂದೂ ಅನ್ನಿಸುತ್ತದೆ. 2002ರ ಆರಂಭದಲ್ಲಿ, ಇಂಟೆಲ್ ಯಂತ್ರಗಳಿಗೆ ಹೊಸ ಸೋಲಾರಿಸ್ ಸದ್ಯಕ್ಕಿಲ್ಲ ಎಂದಿತು. ಬಳಕೆದಾರರು ಗಲಾಟೆ ಮಾಡಿದ ಮೇಲೆ ಹಿಂದೆ ಸರಿಯಿತು. ಅದೇ ವರ್ಷ ಅದರ ಮುಖ್ಯಸ್ಥ ಸ್ಕಾಟ್ ಮೆಕ್‌ನೀಲಿ ಲಿನಕ್ಸಿನ ಲಾಂಛನವಾದ ಪೆಂಗ್ವಿನ್ನಿನ ವೇಷ ಹಾಕಿಕೊಂಡು ಸಭೆಯಲ್ಲಿ ನಿಂತರು. ಲಿನಕ್ಸ್ ತುಂಬಿದ ಒಂದು ಸರ್ವರೂ ಬಂತು. 2003ರ ಕೊನೆಗೆ ಮೇಜಿನ ಕಂಪ್ಯೂಟರಿಗಾಗಿ ಜಾವಾ ಡೆಸ್ಕ್‌ಟಾಪ್ ಸಿಸ್ಟಂ ಬಂತು. ಒಳಗಿದ್ದದ್ದು ಜರ್ಮನಿಯ ಸುಸೆ ಲಿನಕ್ಸ್. ಹೊರಗಿನ ಹೆಸರಿನಲ್ಲಿ ಲಿನಕ್ಸ್ ಎಂಬ ಪದವೇ ಇಲ್ಲ! ಮೇಲಂಚಿನಲ್ಲಿ ಹೆಸರು ಬರೆಸಿದ ನನಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಕಡೆಗೆ 2005ರಲ್ಲಿ ತಿಜೋರಿಯೂ ತೆರೆಯಿತು. ಸೋಲಾರಿಸ್‌ನ ಕೋಡ್ ಲೋಕಕ್ಕೆ ಸಿಕ್ಕಿತು. ಆದರೆ ಸಿಡಿಡಿಎಲ್ ಎಂಬ ಬೇರೆಯೇ ಲೈಸೆನ್ಸಿನಡಿ. ಅದಕ್ಕೂ ಜಿಪಿಎಲ್‌ಗೂ ಹೊಂದಿಕೆಯಿಲ್ಲವೆಂದು ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಹೇಳಿತು. ಅಂದರೆ ಊರಿಗೆಲ್ಲ ಊಟ, ಎದುರುಮನೆಯವರು ಮಾತ್ರ ಪಾತ್ರೆ ತರುವಂತಿಲ್ಲ. ಬೇಕೆಂದೇ ಹೀಗೆ ಮಾಡಿದ್ದು ಎಂದು ಆ ಕಂಪನಿಯಲ್ಲಿದ್ದವರೇ ಒಬ್ಬರು ಹೇಳಿದರು, ಅಲ್ಲವೆಂದು ಇನ್ನೊಬ್ಬರು. ಇರಲಿ.

ಇದು ದಾನವೇ? ಗೀತೆಯ ಹದಿನೇಳನೆಯ ಅಧ್ಯಾಯವನ್ನು ಕೇಳಿದರೆ, ಪ್ರತಿಫಲ ಬಯಸಿ, ಮನಸ್ಸು ನೋಯಿಸಿಕೊಂಡು ಕೊಟ್ಟದ್ದು ರಾಜಸ ಎಂಬ ಉತ್ತರ ಸಿಗುತ್ತದೆ. ಸನ್ನಿಗೂ ನನಗೂ ಅದೇ ದರ್ಜೆ, ತಕರಾರಿಲ್ಲ. ಆದರೆ ಈ ತಕ್ಕಡಿ ತೂಗುವುದು ಕೊಡುವವನ ಮನಸ್ಸನ್ನು. ಪಡೆದವನ ಹಸಿವನ್ನು ಯಾವುದರಲ್ಲಿ ತೂಗಬೇಕು? 1999ರಲ್ಲಿ ಸನ್ ಸ್ಟಾರ್ ಆಫೀಸ್ ಎಂಬ ತಂತ್ರಾಂಶವನ್ನು ಕೊಂಡು ಮರುವರ್ಷ ಅದರ ಕೋಡನ್ನು ಬಿಟ್ಟುಕೊಟ್ಟಿತು. ಕಣ್ಣಿದ್ದದ್ದು ಮೈಕ್ರೋಸಾಫ್ಟಿನ ಮೇಲೆ, ಅದು ಎಲ್ಲರಿಗೂ ಗೊತ್ತು. ಅದರ ವಂಶದ ಲಿಬ್ರೆ ಆಫೀಸಿನಲ್ಲೇ ಈಗ ಇದನ್ನು ಟೈಪು ಮಾಡುತ್ತಿದ್ದೇನೆ, ಮೆನುಗಳೂ ಕನ್ನಡದಲ್ಲಿವೆ. ಯಾರದೋ ಹಗೆಯಿಂದ ಬಂದದ್ದೆಂದು ನಾನೇನೂ ಒಂದಕ್ಷರ ಕಡಿಮೆ ಹೊಡೆಯುತ್ತಿಲ್ಲ.

2010ರ ಜನವರಿಯಲ್ಲಿ ಸನ್ ಪೂರ್ತಿಯಾಗಿ ಒರೇಕಲ್ ಪಾಲಾಯಿತು. ಹೊಸ ಯಜಮಾನರು ಅದೇ ಆಗಸ್ಟಿನಲ್ಲಿ ಸೋಲಾರಿಸ್‌ನ ಬಾಗಿಲು ಹಾಕಿದರು. ಆದರೆ ಅಷ್ಟರಲ್ಲಿ ಹೊರಬಿದ್ದದ್ದನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಅದೇ ತಿಂಗಳು ಕೆಲವರು ಅದನ್ನು ಇಲ್ಯೂಮೋಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಸೋಲಾರಿಸ್‌ಗಾಗಿ ಹುಟ್ಟಿದ ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಈಗ, ಲೈಸೆನ್ಸಿನ ಜಗಳದ ನಡುವೆಯೇ, ಲಿನಕ್ಸ್ ಯಂತ್ರಗಳಲ್ಲೂ ಓಡುತ್ತದೆ.

ನಿವೃತ್ತಿಗೆ ಮೊದಲು ಹುಡುಗನೊಬ್ಬ ಅನುಮಾನ ಕೇಳಲು ಜೆರಾಕ್ಸ್ ಕಟ್ಟೊಂದನ್ನು ಹಿಡಿದು ಬಂದಿದ್ದ. ಪ್ರತಿಯ ಪ್ರತಿಯ ಪ್ರತಿ. ಕಾಗದ ಯಂತ್ರದಲ್ಲಿ ಓರೆಯಾಗಿ ಕೂತು ಮೇಲಂಚು ಹಾರಿಹೋಗಿತ್ತು. “ಇದನ್ನ ಯಾರು ಬರೆದದ್ದು ಗೊತ್ತಾ ಸಾರ್?” ಎಂದ. ಹದಿನಾಲ್ಕನೆಯ ಪುಟ ತಿರುವಿದೆ. ಅಲ್ಲಿದ್ದ ನನ್ನ ತಪ್ಪೊಂದನ್ನು ಯಾರೋ ಪೆನ್ಸಿಲಿನಲ್ಲಿ ತಿದ್ದಿದ್ದರು. ತಿದ್ದಿದ್ದು ಸರಿಯಾಗಿತ್ತು.